ಏಲಕ್ಕಿ ಕಣ್ಣಿನ ಎತ್ತುಗಳು

ಆ ಬುಧವಾರ ಬೆಳಗ್ಗೆ ಮೆಲ್ಬರ್ನಿನ ಅಂಚಿನ ಟಾರ್ನೀಟಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕೂತಿತ್ತು. ಹಿತ್ತಲ ಹುಲ್ಲಿನ ಮೇಲೆ ಯಾರೋ ಕಲ್ಲುಪ್ಪನ್ನು ಕುಟ್ಟಿ ಎರಚಿ ಹೋದಂತೆ ಕಾಣುತ್ತಿತ್ತು. ಬೇಲಿಯಾಚೆ ಏಳುತ್ತಿದ್ದ ಹೊಸ ಮನೆಗಳ ಮರದ ಚೌಕಟ್ಟುಗಳು ಮಂಜಿನಲ್ಲಿ ಅರ್ಧ ಕಂಡು ಅರ್ಧ ಕಾಣದೆ ನಿಂತಿದ್ದವು. ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬಂತು, ರೈಲು ಕಾಣಲಿಲ್ಲ. ಬಸಕ್ಕ ಸೀರೆಯ ಮೇಲೆ ಮಗನ ಹಳೆಯ ಜಾಕೀಟು ತೊಟ್ಟು, ತಲೆಗೆ ಸೆರಗು ಬಿಗಿದು, ಕುಕ್ಕರುಗಾಲಿನಲ್ಲಿ ಕೂತು ಸ್ಟೀಲಿನ ಸೌಟಿನಿಂದ ನೆಲ ಕೆದರುತ್ತಿದ್ದಳು.

"ಅವ್ವಾ, ಇಂಥಾ ಥಂಡ್ಯಾಗ ಏನ ಮಾಡಾಕತ್ತೀ? ಏರ್‌ಪೋರ್ಟಿಗೆ ಹೊತ್ತಾಗತೈತಿ." ವಿರುಪಾಕ್ಷ ಬಾಗಿಲಲ್ಲಿ ನಿಂತು ಕೂಗಿದ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಫೋನು.

"ಮಣ್ಣ ನೋಡಾಕತ್ತೀನಿ."

"ಮಣ್ಣೇನ ಓಡಿ ಹೊಕ್ಕೈತೇನು? ಬಂದ ಮ್ಯಾಲೆ ನೋಡಿದರಾತು."

"ಬರೂದು ಶುಕ್ರವಾರ ರಾತ್ರಿ. ಮಣ್ಣೆತ್ತಿನ ಅಮಾಸಿ ಶುಕ್ರವಾರ. ಎತ್ತ ಏನ ವಿಮಾನದಾಗ ಕುಂತ ಮಾಡ್ಲೀ?"

ವಿರುಪಾಕ್ಷ ಫೋನು ನೋಡುತ್ತ ಒಳಗೆ ಹೋದ. ಬಸಕ್ಕ ಇನ್ನೊಂದು ಸೌಟು ತೆಗೆದಳು. ಹುಲ್ಲು ಬೆಳೆದದ್ದಲ್ಲ, ಚಾಪೆಯ ಹಾಗೆ ಸುರುಳಿ ಬಿಚ್ಚಿ ಹಾಸಿದ್ದು. ಅದರ ಕೆಳಗೆ ಎಲ್ಲಿಂದಲೋ ತಂದು ಸುರಿದ ಹಳದಿ ಉಸುಕು, ನಡುವೆ ಇಟ್ಟಂಗಿ ಚೂರು, ಗಟ್ಟಿಯಾದ ಸಿಮೆಂಟಿನ ಉಂಡೆ. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿದಳು. ಕೈ ತೆರೆದರೆ ಸುರ್ರನೆ ಉದುರಿಹೋಯಿತು. ಉದುರುವ ಮಣ್ಣಿಗೆ ಕೊಂಬು ಹೇಗೆ ನಿಲ್ಲಬೇಕು, ಡುಬ್ಬ ಹೇಗೆ ಏಳಬೇಕು?

"ಅತ್ತೆ, ಕ್ರಾಫ್ಟ್ ಶಾಪಲ್ಲಿ ಕ್ಲೇ ಸಿಗುತ್ತೆ. ವೈಟೂ ಇರುತ್ತೆ, ಟೆರಾಕೋಟಾನೂ ಇರುತ್ತೆ. ನಾನೇ ತಂದ್ಕೊಡ್ತೀನಿ, ಮೊದಲು ಒಳಗೆ ಬನ್ನಿ," ಎಂದಳು ಸೊಸೆ ಮಾಧುರಿ. ಅವಳು ಬೆಂಗಳೂರಿನವಳು, ಅತ್ತೆಯ ಹಟ ಕಂಡರೆ ಅವಳಿಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು.

"ಪಾಕೀಟಿನ್ಯಾಗಿನ ಮಣ್ಣಿಗೆ ಊರ ಯಾವುದವಾ, ಹೊಲ ಯಾವುದು?"

ಕಾರು ಹತ್ತುವ ಹೊತ್ತಿಗೆ ಸಿಡ್ನಿಯಿಂದ ಮಗಳ ಫೋನೂ ಬಂತು. ಅಲ್ಲಿನ ಮಾರ್ಸ್ಡನ್ ಪಾರ್ಕ್ ಬಡಾವಣೆಯ ತನ್ನ ಅಡುಗೆಮನೆಯಲ್ಲಿ ನಿಂತಿದ್ದ ಶ್ರೀದೇವಿ, "ಅವ್ವಾ, ನೀ ಚಿಂತಿ ಮಾಡಬ್ಯಾಡ. ಇಲ್ಲಿ ನಾ ಗೋದಿ ಹಿಟ್ಟಿನ್ಯಾಗ ಮಾಡ್ತೀನಿ. ಪೂಜಿ ಮುಗದ ಮ್ಯಾಲೆ ಕರದ ಕೊಟ್ರ ಹುಡುಗರು ತಿಂತಾವು," ಎಂದಳು.

"ಶಿವ ಶಿವಾ! ಲಿಂಗಾ ಕಟಕೊಂಡ ಮಂದಿ ಎತ್ತ ಕರಕೊಂಡ ತಿಂತೀರೇನ?"

ಕಾರಿನಲ್ಲಿದ್ದವರೆಲ್ಲ ನಕ್ಕರು. ಬಸಕ್ಕನೂ ನಕ್ಕಳು. ಆದರೆ ನಗು ಮುಗಿದ ಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹಬ್ಬ ಅವಳಿಗೆ ನಗೆಯ ಮಾತಾಗಿರಲಿಲ್ಲ. ಹೋದ ವರ್ಷ ವೈಶಾಖದಲ್ಲಿ ಗಂಡ ಗುರುಶಾಂತಪ್ಪ ತೀರಿಕೊಂಡಿದ್ದ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ವರ್ಷ ತುಂಬಿದ ಮೇಲೆ ನಿಂತ ಹಬ್ಬವನ್ನು ಮತ್ತೆ ಎತ್ತಿಕೊಳ್ಳಬೇಕು. ಆಗಲೂ ಬಿಟ್ಟರೆ ಆ ಹಬ್ಬ ಆ ಮನೆಯಿಂದ ಹೋದ ಹಾಗೆಯೇ. ನವಲಗುಂದದ ಕಡೆಯ ಕಪ್ಪು ಎರೆ ಹೊಲದ ಮನೆ ಅವಳದು. ಮದುವೆಯಾಗಿ ಬಂದಂದಿನಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಗುರುಶಾಂತಪ್ಪ ಹಳ್ಳದ ದಂಡೆಯಿಂದ ಮಣ್ಣು ತರುವುದು, ಅವಳು ಎತ್ತು ಮಾಡುವುದು, ಹೀಗೇ ನಡೆದು ಬಂದಿತ್ತು. ಈಗ ತರುವವನಿಲ್ಲ. ಹಳ್ಳವೂ ಇಲ್ಲ. ಎತ್ತು ಮಾಡುವ ಕೈಯಂತೂ ಇನ್ನೂ ಇದೆಯಲ್ಲ ಎಂದು ಅವಳು ಒಳಗೊಳಗೇ ಹಟ ಕಟ್ಟಿಕೊಂಡಿದ್ದಳು.

ಮರುದಿನ ಅವರೆಲ್ಲ ನ್ಯೂಜಿಲೆಂಡಿನ ರೋಟೊರುವಾದಲ್ಲಿದ್ದರು. ಮೊಮ್ಮಗಳು ಚಿನ್ಮಯಿಗೆ ಶಾಲೆಯಲ್ಲಿ ಜ್ವಾಲಾಮುಖಿಯ ಪಾಠವಾಗಿತ್ತು. ರಜೆಗೆ ಅಲ್ಲಿಗೇ ಹೋಗಬೇಕೆಂದು ಹಿಡಿದವಳು ಅವಳೇ. ಕಾರಿನಿಂದ ಇಳಿಯುತ್ತಲೇ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಹೊಡೆಯಿತು. ಚಿನ್ಮಯಿ ಮೂಗು ಹಿಡಿದುಕೊಂಡು, "ಅಜ್ಜಿ, ಇಟ್ ಸ್ಮೆಲ್ಸ್ ಲೈಕ್ ಅಪ್ಪಾ!" ಎಂದು ಕಿರುಚಿದಳು.

"ಭೂಮಿತಾಯಿಗೆ ಹೊಟ್ಟಿ ಉಬ್ಬರಿಸೇತಿ. ಒಂದ ಚಿಮಟಿ ಅಜವಾನ ಕುಡಸ್ರೆವಾ ಯಾರಾದ್ರೂ," ಎಂದಳು ಬಸಕ್ಕ.

ತಮಾಷೆಗೆ ಅಂದಳೇ ಹೊರತು, ಮರದ ಹಲಗೆಯ ಹಾದಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವಳ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಸುತ್ತ ನೆಲ ಬಿಳಿಚಿಕೊಂಡು, ಅಲ್ಲಲ್ಲಿ ಹಳದಿ ಗಂಧಕದ ಹುರುಕು ಕಟ್ಟಿ, ಬಿರುಕು ಬಿರುಕಿನಿಂದ ಹಬೆ ಏಳುತ್ತಿತ್ತು. ಕೆಲವು ಕಡೆ ಸಣ್ಣಗೆ, ಬಾಣಂತಿಯ ನೀರೊಲೆಯ ಹಾಗೆ. ಕೆಲವು ಕಡೆ ಬುಸುಗುಟ್ಟಿ, ಮಾತಾಡುವವರ ಮಾತು ಮುಚ್ಚಿಹೋಗುವ ಹಾಗೆ. ಹಬೆ ಮೈಮೇಲೆ ಬಂದಾಗ ಎದುರಿಗಿದ್ದ ಮಗ ಕಾಣದಾಗುತ್ತಿದ್ದ. ಸರಿದಾಗ ಮತ್ತೆ ಕಾಣುತ್ತಿದ್ದ. ಕಾಲ ಕೆಳಗೆ ಯಾರೋ ಎಚ್ಚರಿದ್ದಾರೆ ಎಂದು ಅವಳಿಗನಿಸಿತು.

ಅವರನ್ನು ಕರೆದೊಯ್ದವಳು ಹಿನೆ ಎಂಬ, ಆ ನಾಡಿನ ಮೂಲನಿವಾಸಿ ಮಾವೋರಿ ಹೆಂಗಸು. ಬಸಕ್ಕನಿಗಿಂತ ಒಂದೆರಡು ವರ್ಷ ಚಿಕ್ಕವಳಿರಬೇಕು. ಗಿಡ್ಡ, ದಪ್ಪ, ಹಸಿರು ಕೋಟು, ಗದ್ದದ ತುಂಬ ಬಳ್ಳಿಯ ಹಾಗೆ ಇಳಿದ ಹಚ್ಚೆ. ಬಸಕ್ಕನ ಗದ್ದದ ಮೇಲೂ ಮೂರು ಚುಕ್ಕಿಯ ಹಚ್ಚೆಯಿತ್ತು. ಟಾರ್ನೀಟಿನ ಅಂಗಡಿಗಳಲ್ಲಿ ಜನ ಅದನ್ನು ಕಂಡೂ ಕಾಣದಂತೆ ನೋಡುತ್ತಿದ್ದರು. ಹಿನೆ ಮಾತ್ರ ನಿಂತು ನೋಡಿದಳು, ತನ್ನ ಗದ್ದ ಮುಟ್ಟಿಕೊಂಡಳು, ಹುಬ್ಬು ಎತ್ತಿ ನಕ್ಕಳು. ಬಸಕ್ಕನೂ ತನ್ನ ಗದ್ದ ಮುಟ್ಟಿಕೊಂಡಳು. ಅಷ್ಟೇ ಅವರ ಮಾತು.

ಮುಂದೆ ಕೆಸರಿನ ಹೊಂಡ. ಬೂದುಬಣ್ಣದ ಕೆಸರು ನಿಧಾನವಾಗಿ ಉಬ್ಬಿ, ಗುಳ್ಳೆಯಾಗಿ, ತೊಪ್ಪೆಂದು ಒಡೆದು, ಉಂಗುರ ಉಂಗುರವಾಗಿ ಹರಡುತ್ತಿತ್ತು. ದೊಡ್ಡ ಗಡಿಗೆಯಲ್ಲಿ ನುಚ್ಚು ಕುದಿಯುವ ಹಾಗೆ. ಹಿನೆ ಕಟಕಟೆಗೆ ಕೈಯಿಟ್ಟು ತುಂಬ ಹೊತ್ತು ಏನೋ ಹೇಳಿದಳು. ವಿರುಪಾಕ್ಷ ತಲೆಯಾಡಿಸಿದ, ಮಾಧುರಿ ಫೋಟೋ ತೆಗೆದಳು, ಅಜ್ಜಿಗೆ ಅರ್ಥ ಹೇಳಬೇಕಾದ ಚಿನ್ಮಯಿ ಕಟಕಟೆಯಾಚೆ ಫೋನು ಚಾಚಿ ಗುಳ್ಳೆಗಳ ವಿಡಿಯೋ ಮಾಡುತ್ತಿದ್ದಳು. ಬಸಕ್ಕ ಕೆಸರನ್ನೇ ನೋಡುತ್ತಿದ್ದಳು. ತುಳಿದು, ಕಡ್ಡಿ ಕಸ ತೆಗೆದು, ನೀರುಣಿಸಿ, ರಾತ್ರಿಯೆಲ್ಲ ನೆನೆಹಾಕಿದ ಮೇಲೆ ಬರುವ ಹದ ಇಲ್ಲಿ ಯಾರೂ ತುಳಿಯದೆ ತಾನಾಗಿ ಬಂದಿತ್ತು.

ಎಲ್ಲರೂ ಮುಂದೆ ಹೋದರು. ಮೊಣಕಾಲು ನೋವಿನ ಬಸಕ್ಕ ಹಿಂದುಳಿದಳು. ಹಾದಿಯ ತಿರುವಿನಲ್ಲಿ, ಕಟಕಟೆಯ ಕೆಳಗಿನ ಹಲಗೆಯ ಮೇಲೆ, ಹೊಂಡ ಎಂದೋ ಸಿಡಿಸಿದ್ದ ಕೆಸರು ಗುಪ್ಪೆಯಾಗಿ ತಣ್ಣಗೆ ಕೂತಿತ್ತು. ಬಗ್ಗಿ ಬೆರಳಿನಿಂದ ಮುಟ್ಟಿದಳು. ಬೆಣ್ಣೆ. ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರೆ ಎಳೆಯಾಗಿ ಬಂತು, ಮುರಿಯಲಿಲ್ಲ. ಚೀಲದಲ್ಲಿ ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ ಇತ್ತು. ಚಟ್ನಿ ಮಧ್ಯಾಹ್ನದ ರೊಟ್ಟಿಗೆ ತೀರಿತ್ತು. ಹಬ್ಬದ ಮಣ್ಣಿಗೆ ಊರಲ್ಲಿ ಯಾರೂ ಯಾರನ್ನೂ ತಡೆದವರಲ್ಲ. ಯಾರ ಹಳ್ಳವಾದರೇನು, ಯಾರ ಕೆರೆಯಾದರೇನು. ಕಟಕಟೆಯ ಸಂದಿಯಿಂದ ಕೈ ತೂರಿಸಿ ಗೋರಿದಳು, ಡಬ್ಬಿ ತುಂಬಿದಳು, ಮುಚ್ಚಳ ಒತ್ತಿದಳು, ಸೆರಗಿನಡಿ ಚೀಲಕ್ಕೆ ಸೇರಿಸಿದಳು. ಹಬೆ ಬಂದು ಅವಳನ್ನು ಮುಚ್ಚಿತು, ಸರಿಯಿತು. ಯಾರೂ ನೋಡಿರಲಿಲ್ಲ.

ಸಂಜೆ ಮೋಟೆಲಿನಲ್ಲಿ ಆ ಮಣ್ಣೇ ಚಾಡಿ ಹೇಳಿತು.

"ಏನೋ ಹಾಳಾಗಿದೆ ಇಲ್ಲಿ," ಎಂದು ಮಾಧುರಿ ಫ್ರಿಜ್ಜು ತೆರೆದಳು, ಕಸದ ಬುಟ್ಟಿ ನೋಡಿದಳು, ಕಡೆಗೆ ಅತ್ತೆಯ ಚೀಲದ ಮುಂದೆ ನಿಂತಳು. "ಅತ್ತೆ, ಇದರಲ್ಲಿ ಏನಿದೆ?"

ಸುಳ್ಳು ಬಸಕ್ಕನ ಬಾಯಿಗೆ ಬರಲಿಲ್ಲ. "ಎತ್ತು," ಎಂದಳು.

ವಿರುಪಾಕ್ಷ ಮುಚ್ಚಳ ತೆಗೆದು ನೋಡಿ, ಮಂಚದ ಮೇಲೆ ಕೂತ. "ಅವ್ವಾ, ಮೆಲ್ಬರ್ನಿನ್ಯಾಗ ಇಳದ ಕೂಡ್ಲೆ ನಾಯಿ ತಂದ ಮೂಸಸ್ತಾರ. ಬ್ಯಾಗಿನ್ಯಾಗ ಒಂದ ಸೇಬು ಮರತ ಉಳದ್ರ ಕಳ್ಳರನ್ನ ನಿಂದರಿಸಿದಂಗ ನಿಂದರಸ್ತಾರ. ನೀ ಬ್ಯಾರೆ ದೇಶದ ಮಣ್ಣ ಒಯ್ಯಾಕ ಹೊಂಟೀ! ಅಲ್ಲೇ ಕಾಯಂ ಉಳಿಯಾಕ ಹಾಕಿದ ನಿನ್ನ ಪಿಆರ್ ಫೈಲ ಇನ್ನೂ ಅವರ ಟೇಬಲ್ ಮ್ಯಾಲೆ ಐತಿ. ಇದೊಂದ ಸಾಕು, ನಿನ್ನ ವಾಪಸ್ ಕಳಸಾಕ."

"ನನಗ ಇದೆಲ್ಲಾ ಗೊತ್ತಿರಲಿಲ್ಲಪಾ."

"ಈಗ ಗೊತ್ತಾತಲ್ಲ." ಅವನು ಎದ್ದು ಡಬ್ಬಿ ಹಿಡಿದು ಬಚ್ಚಲಿನ ಸಿಂಕಿನ ಕಡೆ ನಡೆದ.

ಬಸಕ್ಕ ಅವನ ಮಣಿಕಟ್ಟು ಹಿಡಿದಳು. ರೊಟ್ಟಿ ಬಡಿದ ಕೈ. ನಲವತ್ತು ದಾಟಿದ ಮಗ ನಿಂತೇಬಿಟ್ಟ. "ಮಂದಿ ಕೈಕಾಲ ತೊಳಕೊಂಡ ನೀರು ಹೋಗೂ ತೂತಿಗೆ ಹಬ್ಬದ ಮಣ್ಣ ಹಾಕತೀ?"

ಆಗ ಮಂಚದ ಮೂಲೆಯಿಂದ ಚಿನ್ಮಯಿ ಮೆಲ್ಲಗೆ ಕೇಳಿದಳು: "ಅಜ್ಜಿ, ಡಿಡ್ ಯು ಆಸ್ಕ್ ಹರ್?"

"ಏನಂದ್ಲೋ?"

"ಕೇಳಿದ್ಯಾ ಅಂತ," ಚಿನ್ಮಯಿ ತನ್ನ ಒಡೆದ ಕನ್ನಡವನ್ನು ಜೋಡಿಸಿಕೊಂಡಳು. "ಆ ಲೇಡಿ ಹೇಳಿದ್ಲು. ಆ ಪೂಲ್‌ಗೆ ಅವಳ ಅಜ್ಜೀದು ಅಜ್ಜಿ ಹೆಸರು. ಅದು... ಅವರ ಫ್ಯಾಮಿಲಿ. ಏನೂ ತಗೊಂಡು ಹೋಗಲ್ಲ. ತಗೊಳ್ಳೋದಿದ್ರೆ ಫಸ್ಟ್ ಕೇಳ್ತಾರೆ. ನಾನು ನಿನಗೆ ಹೇಳ್ಬೇಕಿತ್ತು. ವಿಡಿಯೋ ಮಾಡ್ತಿದ್ದೆ."

ಬಸಕ್ಕ ಮಗನ ಮಣಿಕಟ್ಟು ಬಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು.

ಕೇಳುವುದು. ಹಳ್ಳದ ದಂಡೆಯಲ್ಲಿ ಗುರುಶಾಂತಪ್ಪ ಸಲಿಕೆ ಊರುವ ಮೊದಲು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. "ತಾಯೀ, ಒಂದ ಬೊಗಸಿ ಕೊಡು. ಹಬ್ಬ ಆದ ಮ್ಯಾಲೆ ನಿಂದು ನಿನಗ," ಎನ್ನುತ್ತಿದ್ದ. ಸಣ್ಣ ದನಿಯಲ್ಲಲ್ಲ, ಎದುರಿಗೆ ನಿಂತವರೊಡನೆ ಮಾತಾಡುವಂತೆ. ಪೂಜೆಯ ನಂತರ ಎತ್ತುಗಳನ್ನು ಅದೇ ಹಳ್ಳಕ್ಕೆ ಒಯ್ದು ಬಿಟ್ಟು ಬರುವವನೂ ಅವನೇ. ಮಣ್ಣಿನ ಜೋಡಿ ಮಾತಾಡೋ ಗಂಡ ಸಿಕ್ಕಾನ ನನಗ ಎಂದು ಅವಳು ನೆರೆಯವರ ಮುಂದೆ ನಗೆಯಾಡುತ್ತಿದ್ದಳು. ಅದು ಅವನ ಪಾಲಿನ ಕೆಲಸ. ಅವಳ ಪಾಲಿಗೆ ಬಂದಿರಲೇ ಇಲ್ಲ. ಹಾಗಾಗಿ ಈ ಹೊತ್ತು ಅವನ ಕೆಲಸವನ್ನೂ ಮಾಡಿದೆನೆಂದುಕೊಂಡವಳು ಅರ್ಧವನ್ನಷ್ಟೇ ಮಾಡಿ ಬಂದಿದ್ದಳು. ಅರ್ಧ ಮಾಡಿದ್ದಕ್ಕೆ ಏನು ಹೆಸರು? ಕಳವು.

"ಡಬ್ಬಿ ಇಲ್ಲಿ ಕೊಡು," ಎಂದಳು. "ನಾಳಿ ಮುಂಜಾನೆ ಎತ್ತ ಮಾಡ್ತೀನಿ. ಪೂಜಿ ಮಾಡ್ತೀನಿ. ಆಮ್ಯಾಲೆ ಆಕಿದು ಆಕಿಗೆ ಕೊಟ್ಟ ಬರ್ತೀನಿ."

"ಅವ್ವಾ, ಗೇಟ್ ತೆಗಿಯೂದಕ್ಕಿಂತ ಮೊದಲ ನಾವು ಹೊಂಡಬೇಕು. ಆಕ್ಲೆಂಡ್ ಮೂರು ತಾಸಿನ ದಾರಿ. ಫ್ಲೈಟ್ ತಪ್ಪಿದ್ರ..."

"ನೀವು ಹೊಂಡ್ರಿ. ನಾ ನಡಕೊಂತ ಹೋಗಿ ಕೊಟ್ಟು, ಹೆಂಗರ ಬರ್ತೀನಿ."

"ಹೆಂಗ ಬರ್ತೀ? ಈಸಕೊಂತ ಬರ್ತೀಯಾ?"

"ಈಸಾಕ ಬರತೈತಿ ನನಗ," ಎಂದಳು ಬಸಕ್ಕ. ಮಾಧುರಿಗೆ ನಗು ತಡೆಯಲಾಗಲಿಲ್ಲ. ವಿರುಪಾಕ್ಷ ನಗಲಿಲ್ಲ.

ಬೆಳಕು ಹರಿಯುವ ಮೊದಲೇ ಬಸಕ್ಕ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮೋಟೆಲಿನ ಸಣ್ಣ ಮೇಜಿನ ಮುಂದೆ ಕೂತಳು. ರಾತ್ರಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟ ಮಣ್ಣಿನ ನೀರು ಇಳಿದು ಹದ ಬಂದಿತ್ತು. ಮೊದಲು ಬಲದೆತ್ತು. ಅಂಗೈಯಲ್ಲಿ ಉದ್ದಕ್ಕೆ ಹೊಸೆದು, ನಾಲ್ಕು ಕಾಲು ಎಳೆದು, ಹೆಬ್ಬೆರಳಿನಿಂದ ಡುಬ್ಬ ಎತ್ತಿದಳು. ಆಮೇಲೆ ಕೊಂಬು ತಿದ್ದಿದಳು. ಒಂದು ಕೊಂಬು ಒಳಕ್ಕೆ ಬಾಗಿತು. ಅವರ ಮನೆಯ ಹಳೆಯ ಎತ್ತು ಕೆಂಚನಿಗೂ ಹಾಗೇ ಇತ್ತು. ಇರಲಿ ಎಂದು ಬಿಟ್ಟಳು. ಊರಲ್ಲಾದರೆ ಕಣ್ಣಿಗೆ ಕುಸುಬಿಯ ಕಾಳು ಒತ್ತುತ್ತಿದ್ದರು. ಅವಳು ಬಾಯಿಗೆಂದು ಇಟ್ಟುಕೊಂಡಿದ್ದ ಏಲಕ್ಕಿಯನ್ನು ಬಿಡಿಸಿ ಕಪ್ಪು ಬೀಜ ಒತ್ತಿದಳು.

"ಮೇ ಐ?" ಕಂಬಳಿ ಹೊದ್ದ ಚಿನ್ಮಯಿ ಪಕ್ಕಕ್ಕೆ ಬಂದು ಕೂತಿದ್ದಳು.

"ಕೈ ತೊಳಕೊಂಡ ಬಾ."

ಎಡದೆತ್ತಿನ ಕಣ್ಣುಗಳನ್ನು ಮೊಮ್ಮಗಳೇ ಇಟ್ಟಳು. ಒಂದು ಮೇಲೆ, ಒಂದು ಕೆಳಗೆ. ಬಸಕ್ಕ ತಿದ್ದಲಿಲ್ಲ. ವಿಭೂತಿ ಹಚ್ಚಿ, ಮೋಟೆಲಿನವರು ಚಹಾಕ್ಕೆಂದು ಇಟ್ಟಿದ್ದ ಹಾಲು ಸಕ್ಕರೆಯನ್ನೇ ನೈವೇದ್ಯ ಮಾಡಿ, ತಲೆ ಬಾಗಿದಳು. ನಿಂತಿದ್ದ ಹಬ್ಬ ಎದ್ದಿತು. ಆದರೆ ಕೆಲಸ ಮುಗಿದಿರಲಿಲ್ಲ. ಎತ್ತುಗಳನ್ನು ಸೀರೆಯ ತುಂಡಿನ ಮೇಲೆ ಡಬ್ಬಿಯಲ್ಲಿ ಮಲಗಿಸಿ, ಶೂಗಳಿಗೆ ಕಾಲು ತೂರಿಸಿ, ತಲೆಗೆ ಉಣ್ಣೆ ಟೊಪ್ಪಿಗೆ ಹಾಕಿ, ಬಾಗಿಲು ತೆರೆದು ಹೊರಟಳು.

ಹೊರಗೆ ಚಳಿ ಮುಖ ಕೊಯ್ಯುತ್ತಿತ್ತು. ರಸ್ತೆಯ ಬದಿಯ ಮೋರಿಯಿಂದಲೂ ಹಬೆ ಏಳುತ್ತಿತ್ತು. ಹಿಂದೆ ಮೊಮ್ಮಗಳ ಓಡುವ ಹೆಜ್ಜೆ ಕೇಳಿತು. ಇನ್ನು ಸ್ವಲ್ಪ ದೂರ ಹೋದ ಮೇಲೆ ಕಾರಿನ ಸದ್ದು. ವಿರುಪಾಕ್ಷ ಪಕ್ಕಕ್ಕೆ ನಿಲ್ಲಿಸಿ ಬಾಗಿಲು ತೆರೆದ. ಹಿಂದಿನ ಸೀಟಿನಲ್ಲಿ ಮಾಧುರಿ ಸೂಟ್‌ಕೇಸುಗಳ ನಡುವೆ ಅರೆನಿದ್ದೆಯಲ್ಲಿದ್ದಳು.

"ಹತ್ತು," ಎಂದ. "ಇಬ್ಬರೂ ಹತ್ರಿ."

ಕಾರು ಹೊರಟಿತು. ಬಸಕ್ಕನ ಮಡಿಲಲ್ಲಿ ಡಬ್ಬಿ ತೆರೆದೇ ಇತ್ತು. ವಿರುಪಾಕ್ಷ ಒಮ್ಮೆ ಕಣ್ಣೋರೆಯಲ್ಲಿ ನೋಡಿದ, ಮತ್ತೊಮ್ಮೆ ನೋಡಿದ.

"ಕೊಂಬು ಒಳಗ ಬಾಗೇತಿ. ನಮ್ಮ ಕೆಂಚನಂಗ."

"ಹ್ಞೂಂ."

"ಅವ್ವಾ, ಬಟ್ಟಿ ಒಣಹಾಕೂ ಕಂಬಾ ನಿಲ್ಲಸಾಕ ಹಿತ್ತಲದಾಗ ತೆಗ್ಗ ತೋಡಿದ್ನೆಲ್ಲಾ. ಉಸುಕು ಮುಗದ ಮ್ಯಾಲೆ, ಮೊಣಕಾಲ ಮಟ ಹೋದ್ರ ಕರೀ ಮಣ್ಣ ಬಂತು. ಸಲಿಕಿಗೆ ಅಂಟಿದ್ದ ಬೀಳವಲ್ದು. ನಮ್ಮ ಎರಿ ಇದ್ದಂಗ."

ಬಸಕ್ಕ ನಿಧಾನವಾಗಿ ಅವನ ಕಡೆ ತಿರುಗಿದಳು. "ಮೊನ್ನೆ ನಾ ಸೌಟ ಹಿಡಕೊಂಡ ಕುಂತಾಗ ಬಾಯಾಗ ಏನ ಇಟಗೊಂಡಿದ್ದಿ?"

"ಫ್ಲೈಟಿನ ಚಿಂತ್ಯಾಗಿದ್ದೆ."

"ಈಗೂ ಅದ ಚಿಂತ್ಯಾಗ ಅದೀ."

ಅವನಿಗೆ ಈಗ ನಗು ಬಂತು. "ನೆಕ್ಸ್ಟ್ ಇಯರ್ ನಾನು ಡಿಗ್ ಮಾಡ್ತೀನಿ," ಎಂದಳು ಹಿಂದಿನಿಂದ ಚಿನ್ಮಯಿ. "ಮೊದಲ ಕೇಳಬೇಕು," ಎಂದಳು ಬಸಕ್ಕ. "ಹೆಂಗ ಕೇಳೂದಂತ ಹೇಳಿಕೊಡ್ತೀನಿ."

ಗೇಟು ಮುಚ್ಚಿತ್ತು. ವಿರುಪಾಕ್ಷ ಎಂಜಿನ್ ನಿಲ್ಲಿಸಲಿಲ್ಲ. ಗಡಿಯಾರ ನೋಡಿದ, ದಾರಿ ನೋಡಿದ, ಸ್ಟಿಯರಿಂಗಿನ ಮೇಲೆ ಬೆರಳು ಬಡಿದ. ಬಸಕ್ಕ ಇಳಿದು ಗೇಟಿನ ಮುಂದೆ ನಿಂತಳು. ಯಾರೂ ಬರದಿದ್ದರೆ ಏನು ಮಾಡುತ್ತೀ ಎಂದು ಅವನು ಕೇಳಬೇಕೆಂದಿದ್ದ. ಅವಳು ನಿಂತ ರೀತಿ ನೋಡಿ ಕೇಳಲಿಲ್ಲ. ಕಡೆಗೆ ಒಂದು ಹಳೆಯ ವ್ಯಾನು ಬಂದು ನಿಂತಿತು. ಹಸಿರು ಕೋಟಿನ ಹಿನೆ ಬೀಗದ ಕೈ ಹುಡುಕುತ್ತ ಇಳಿದಳು.

ಚಿನ್ಮಯಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು: ತೆಗೆದುಕೊಂಡದ್ದು, ಕೇಳದೆ ತೆಗೆದುಕೊಂಡದ್ದು, ತಾನು ಅರ್ಥ ಹೇಳದೆ ಇದ್ದದ್ದು, ಇಂದು ಹಬ್ಬ. ಹಿನೆ ನಗಲಿಲ್ಲ. ಡಬ್ಬಿಯನ್ನು ನೋಡಿದಳು, ಬಸಕ್ಕನ ಮುಖ ನೋಡಿದಳು. ಬಸಕ್ಕ ಕಣ್ಣು ತಗ್ಗಿಸದೆ ನಿಂತಿದ್ದಳು; ಬೈದರೆ ಬೈಯಿಸಿಕೊಂಡೇ ಹೋಗುವುದೆಂದು ದಾರಿಯಲ್ಲೇ ನಿಶ್ಚಯಿಸಿದ್ದಳು. ಆಮೇಲೆ ಹಿನೆ ಚಿನ್ಮಯಿಯ ಕಡೆ ತಿರುಗಿ ಏನೋ ಅಂದಳು.

"ಏನಂದ್ಲು?"

"ಕಲ್ಲು ತಗೊಂಡು ಹೋಗಿ ಹತ್ತು ವರ್ಷ ಆದ್ಮೇಲೆ ಪೋಸ್ಟಲ್ಲಿ ಕಳಿಸ್ತಾರಂತೆ ಜನ. ಇಷ್ಟು ಬೇಗ ಯಾರೂ ಬಂದಿಲ್ವಂತೆ."

ಹಿನೆ ಗೇಟಿನ ಬೀಗ ತೆಗೆದಳು. ಹಿಂದೆ ಕಾರಿನ ಎಂಜಿನ್ ನಿಂತಿತು.

ಹಲಗೆಯ ಹಾದಿಯ ಮೇಲೆ ಇಬ್ಬನಿಗೆ ಕಾಲು ಜಾರುತ್ತಿತ್ತು. ಹಿನೆ ಕೈ ಕೊಟ್ಟಳು, ಬಸಕ್ಕ ಹಿಡಿದುಕೊಂಡಳು. ತಿರುವಿನಲ್ಲಿ, ತಾನು ಗೋರಿದ ಗುಳಿ ಹಲಗೆಯ ಮೇಲೆ ಹಾಗೆಯೇ ಇತ್ತು, ನಾಲ್ಕು ಬೆರಳಿನ ಗುರುತು ಸಹಿತ. ಆಚೆ ಹೊಂಡ ಉಬ್ಬಿತು, ತೊಪ್ಪೆಂದಿತು. ಬಸಕ್ಕ ತಲೆಯ ಮೇಲಿನ ಉಣ್ಣೆ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ತಾಯೀ," ಎಂದಳು, ಎದುರಿಗೆ ನಿಂತವರೊಡನೆ ಮಾತಾಡುವಂತೆ. "ಕೇಳದ ತಗೊಂಡಿದ್ದೆ. ಹಬ್ಬ ಆತು. ನಿಂದು ನಿನಗ."

ಹಿನೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಹೊಂಡದ ಕಡೆ ಮುಖ ಮಾಡಿ. ಆಮೇಲೆ ತಿರುಗಿ ಎರಡೂ ಅಂಗೈ ಜೋಡಿಸಿ ಚಾಚಿದಳು. ಬಸಕ್ಕ ಮೊದಲು ಬಲದೆತ್ತನ್ನು ಇಟ್ಟಳು, ಅದರ ಪಕ್ಕಕ್ಕೆ ಎಡದೆತ್ತನ್ನು, ನೊಗಕ್ಕೆ ನಿಂತ ಹಾಗೆ. ಹಬೆ ಬಂದು ಸರಿಯಿತು. ಡಬ್ಬಿ ಖಾಲಿಯಾಗಿತ್ತು, ಬಸಕ್ಕ ಅದನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು, ಅಂಚಿನ ಸಂದಿಯಲ್ಲಿ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದು, ಅದನ್ನೂ ಆ ಅಂಗೈಗೆ ಒರೆಸಿದಳು.